ಗಂಗಾಶ್ರೀ ಬಂದರೆ ಮಾತು ನಿಲ್ಲುತ್ತಿತ್ತು

ಗಂಗಾಶ್ರೀಗೆ ಕಥೆ ಬರೆಯುವ ಹುಚ್ಚು ಹತ್ತಿದ್ದು ಮದುವೆಯಾಗಿ ಶಿಕಾರಿಪುರ ತಾಲ್ಲೂಕಿನ, ಬಂದಳಿಕೆ ದಾರಿಯ ಆ ಊರಿಗೆ ಬಂದ ಮೇಲೆ. ತವರು ಸೊರಬದಲ್ಲಿದ್ದಾಗ ಸಿಕ್ಕ ಪುಸ್ತಕ ಓದುತ್ತಿದ್ದಳು, ಅಷ್ಟೆ. ಇಲ್ಲಿ ಬಂದು ನೋಡಿದರೆ ಮೆಕ್ಕೆಜೋಳದ ತೆನೆ ಸುಲಿಯುತ್ತಾ ಹೆಂಗಸರು ಏನೆಲ್ಲ ಹೇಳಿಕೊಳ್ಳುತ್ತಿದ್ದರು! ಬಂದಳಿಕೆಯ ಶಾಸನದ ಕಲ್ಲುಗಳ ಮೇಲೆ ರಾಜರು ದಾನ ಕೊಟ್ಟ ಗದ್ದೆಯ ವಿವರ ಇದೆಯೇ ಹೊರತು ಇಂಥವರ ಮಾತು ಒಂದಕ್ಷರವೂ ಇಲ್ಲವಲ್ಲ ಎಂದು ಆಕೆಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದವರು ಬೈಯುತ್ತಾರೆ, ಈಕೆ ಬರೆಯಲು ಕೂತಳು.

ಪಕ್ಕದ ಮನೆಯ ಬಸಕ್ಕ ಆಕೆಗೆ ಅಕ್ಕನೂ ಹೌದು, ಅವ್ವನೂ ಹೌದು. ಗಂಗಾಶ್ರೀಯ ಮೊದಲ ಬಸಿರು ನಿಲ್ಲದೆ ಹೋದಾಗ ಬಂದವರೆಲ್ಲ ಸಮಾಧಾನ ಹೇಳಿ ಹೇಳಿ ತಲೆ ತಿಂದರು. ಬಸಕ್ಕ ಮಾತ್ರ ಬಾಯಿ ಬಿಡದೆ ದಿನವಿಡೀ ಪಕ್ಕದಲ್ಲಿ ಕೂತು ಎದ್ದುಹೋದಳು. ಅದೇ ಬಸಕ್ಕ ಒಮ್ಮೆ ತೆನೆ ಸುಲಿಯುವಾಗ ತನ್ನ ಗುಟ್ಟೊಂದನ್ನು ಹೇಳಿದಳು. ಗಂಡ ಮಲ್ಲೇಶಪ್ಪ ಒಂದು ಮಾತೂ ಕೇಳದೆ ಎಮ್ಮೆ ಮಾರಿಬಂದಿದ್ದ. ಎಮ್ಮೆ ಹೋದ ಮೇಲೂ ಬಸಕ್ಕ ದಿನಾ ಬೆಳಿಗ್ಗೆ ಎದ್ದು ಖಾಲಿ ಗೋದಲಿಗೆ ಹುಲ್ಲು ಹಾಕುತ್ತಿದ್ದಳಂತೆ.

“ಯಾರ ಮುಂದೂ ಹೇಳಬ್ಯಾಡ ಮಾರಾಯ್ತಿ, ನಗ್ತಾರ,” ಅಂದಿದ್ದಳು.

ಗಂಗಾಶ್ರೀ ಯಾರ ಮುಂದೂ ಹೇಳಲಿಲ್ಲ. ಬರೆದಳು. ಹೆಸರು ಬದಲಿಸಿದಳು, ಊರು ಬದಲಿಸಿದಳು, ಎಮ್ಮೆಯನ್ನು ಹಸು ಮಾಡಿದಳು. ಅಷ್ಟಾದರೆ ಸಾಕು ಎಂದು ಆಕೆ ಮನಸಾರೆ ನಂಬಿದ್ದಳು, ಪಾಪ. ಕಥೆ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಬಂತು. ಸುಮ್ಮನಿದ್ದಿದ್ದರೆ ಊರಿಗೆ ಗೊತ್ತೇ ಆಗುತ್ತಿರಲಿಲ್ಲವೇನೋ. ಆದರೆ ಮಾವ ಪರಮಶಿವಪ್ಪನಿಗೆ ಹಿಗ್ಗೋ ಹಿಗ್ಗು. ಹೋಟೆಲಿನಲ್ಲಿ ಕೂತು, “ನಮ್ಮ ಸೊಸಿ ಬರದಾಳ, ಕೇಳ್ರಿಲ್ಲಿ” ಎಂದು ಗಟ್ಟಿಯಾಗಿ ಓದಿ ಹೇಳಿದ. ಹೆಂಡತಿಯನ್ನು ಕೇಳದೆ ಎಮ್ಮೆ ಮಾರಿದವನು ಯಾರೆಂದು ಊರಿಗೇ ಗೊತ್ತಿತ್ತು. ಹುಲ್ಲಿನ ಪ್ರಸಂಗ ಬರುವಷ್ಟರಲ್ಲಿ ಎಲ್ಲರೂ ಅಲ್ಲೇ ಕೂತಿದ್ದ ಮಲ್ಲೇಶಪ್ಪನ ಕಡೆ ತಿರುಗಿದ್ದರು. ಅಂದಿನಿಂದ ಅವನು ಹೋಟೆಲಿಗೆ ಕಾಲಿಟ್ಟರೆ ಸಾಕು, “ಏನಪ್ಪಾ, ಹುಲ್ಲು ಹಾಕಿ ಬಂದ್ರೇನು ಮನ್ಯಾಗ?” ಎಂದು ಯಾರಾದರೂ ಕೇಳುತ್ತಿದ್ದರು.

ಬಸಕ್ಕ ಜಗಳ ಆಡಲಿಲ್ಲ. ಜಗಳ ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. “ಚಲೋ ಬರದೀಯಂತಲ್ಲ ಗಂಗಾ,” ಅಂದಳು. ಅಷ್ಟೇ. ಆಮೇಲೂ ಮೊಸರಿಗೆ ಹೆಪ್ಪು ಕೊಟ್ಟಳು, ಕರಿಬೇವು ಕೇಳಿದಳು. ಮನಸ್ಸಿನ ಮಾತು ಮಾತ್ರ ಕೊಡಲಿಲ್ಲ.

ಬಸಕ್ಕ ಒಬ್ಬಳೇ ಆಗಿದ್ದರೆ ಬೇರೆ. ಊರಿನ ಹೆಂಗಸರೆಲ್ಲ ಹಾಗೇ ಆದರು. ಗಂಗಾಶ್ರೀ ಕಣದ ಹತ್ತಿರ ಬರುತ್ತಿದ್ದಂತೆ, “ಬಂದ್ಳು, ಬಾಯಿ ಮುಚ್ಕೊಳ್ರೇ” ಎಂದು ಯಾರೋ ನಗುವರು. ಅಲ್ಲಿಯವರೆಗೆ ಓಡುತ್ತಿದ್ದ ಮಾತು ಟೀವಿ ಧಾರಾವಾಹಿಗೋ ಸೆಕೆಗೋ ಹೊರಳುವುದು. ಆಕೆ ತಲೆ ತಗ್ಗಿಸಿ ತೆನೆ ಸುಲಿದು ಮನೆಗೆ ಬರುವಳು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ನಗುವವರ ಮುಂದೆ ಏನು ಮಾಡುವುದು?

ಅತ್ತ ಸಂಪಾದಕರು ಇನ್ನೊಂದು ಕಥೆ ಕಳಿಸಿ ಅಂದಿದ್ದರು. ಆ ಮಾತಿಗೆ ಆಕೆ ಎಷ್ಟು ಹಿಗ್ಗಿದ್ದಳೋ ಈಗ ಅಷ್ಟೇ ಕುಗ್ಗಿದಳು. ಬರೆಯುವ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ ಎಂದು ಫೋನಿನಲ್ಲಿ ಹುಡುಕಿದಳು. ಬೆಳಿಗ್ಗೆ ಬೇಗ ಏಳಿ ಎಂದರು ಒಬ್ಬರು. ಸಗಣಿ ಬಾಚುವ ಊರಿನಲ್ಲಿ ತಡವಾಗಿ ಏಳುವವರು ಯಾರಿದ್ದಾರೆ? ದಿನಾ ಒಂದೇ ಜಾಗದಲ್ಲಿ ಕೂತು ಬರೆಯಿರಿ ಎಂದರು ಇನ್ನೊಬ್ಬರು. ಅದನ್ನೂ ಮಾಡಿದಳು. ಜಾಗ ಇತ್ತು, ಹೊತ್ತೂ ಇತ್ತು, ಕೈ ಏಳಲಿಲ್ಲ. ಎಂದೂ ನೋಡದ ಬೆಂಗಳೂರಿನ ಆಸ್ಪತ್ರೆಯೊಂದರ ಕಥೆ ಬರೆದು ಕಳಿಸಿದರೆ, “ಮೊದಲಿನದರಲ್ಲಿದ್ದ ಜೀವ ಇದರಲ್ಲಿಲ್ಲ” ಎಂದು ಉತ್ತರ ಬಂತು.

ಗಂಡ ಈಶ್ವರ್ ಒಳ್ಳೆಯವನು. “ನನ್ನ ಮ್ಯಾಲೇ ಬರಿಯೇ, ನಾ ಏನೂ ಅನ್ನಲ್ಲ” ಅಂದ. ಹೊಲ, ಊಟ, ನಿದ್ದೆ ಬಿಟ್ಟರೆ ಅವನ ಬದುಕಿನಲ್ಲಿ ಪೋಸ್ಟ್‌ಕಾರ್ಡು ತುಂಬುವಷ್ಟೂ ಸಂಗತಿ ಇರಲಿಲ್ಲ.

ಕೊನೆಗೆ ಆಕೆ ಸೋತು, ಹೆಂಗಸರ ನಡುವೆ ಕೂತು, “ನಾ ಬರೆಯೋದು ಬಿಟ್ಬಿಟ್ಟೆ ಕಣ್ರೇ” ಅಂದಳು. “ಹಿಂಗಂದ್ರ ನಾವು ಬಾಯಿ ಬಿಡ್ತೀವಿ ಅಂತ ತಿಳಕಂಡೀಯಾ?” ಎಂದು ಎಲ್ಲರೂ ಮತ್ತೆ ನಕ್ಕರು. ಗಂಗಾಶ್ರೀಯೂ ನಕ್ಕಳು.

ಹೀಗಿರುವಾಗ ಬಸಕ್ಕನ ಮಗಳು ಶಾಲಿನಿ ಗಂಡನ ಮನೆ ಬಿಟ್ಟು ಒಬ್ಬಳೇ ಬಂದಳು. ವಿಷಯ ಓಣಿಗೆಲ್ಲ ಗೊತ್ತಾದ ಮೇಲೆ ಗಂಗಾಶ್ರೀಯ ಕಿವಿಗೆ ಬಿತ್ತು. ಅದೂ ಅತ್ತೆ ಜಗದಾಂಬ ಬಾಯಿ ತಪ್ಪಿ ಅಂದದ್ದಕ್ಕೆ. “ನೀ ಈಗ ಹೋಗಬ್ಯಾಡವ್ವ,” ಎಂದು ಅತ್ತೆ ತಡೆದಳು. ಗಂಗಾಶ್ರೀ ಕೇಳಲಿಲ್ಲ. ತನ್ನ ಕಷ್ಟದ ದಿನ ಪಕ್ಕದಲ್ಲಿ ಕೂತವಳ ಪಕ್ಕದಲ್ಲಿ ತಾನೂ ಕೂರಬೇಕು, ಅಷ್ಟೇ ಆಕೆಯ ಮನಸ್ಸಿನಲ್ಲಿದ್ದುದು.

ಬಸಕ್ಕನ ಮನೆ ಬಾಗಿಲಲ್ಲೇ ಒಳಗಿನ ಅಳು ಕೇಳುತ್ತಿತ್ತು. ಒಳಗೆ ಹೆಜ್ಜೆ ಇಡುತ್ತಲೇ ನಿಂತಿತು. ಶಾಲಿನಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಡುಗೆಮನೆಯಲ್ಲಿದ್ದ ಬಸಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, “ಬಾ ಗಂಗಾ, ಊಟ ಆತಾ?” ಎಂದಳು.

“ಬಸಕ್ಕ, ನಾನು ಕಥೆಗೆ ಬಂದಿಲ್ಲ. ಸುಮ್ನೆ ಕೂರಾಕೆ ಬಂದೀನಿ. ಚಂದ್ರಗುತ್ತಿ ಅಮ್ಮನಾಣೆ, ಒಂದಕ್ಷರ ಬರೆಯಲ್ಲ,” ಎಂದು ಗಂಗಾಶ್ರೀ ಅತ್ತೇಬಿಟ್ಟಳು.

ಬಸಕ್ಕ ಹತ್ತಿರ ಬಂದು ಆಕೆಯ ಕೆನ್ನೆ ಒರೆಸಿದಳು. ದನಿಯಲ್ಲಿ ಕೋಪ ಇರಲಿಲ್ಲ.

“ನೀ ಬರಿಯಲ್ಲ ಅಂದ್ರ ನಂಬ್ತೀನವ್ವ. ಆದ್ರ ನೋಡೂದು ಬಿಡ್ತೀಯಾ?”

ಬಿಡ್ತೀನಿ ಎಂದು ಹೇಳಲು ಗಂಗಾಶ್ರೀ ಬಾಯಿ ತೆರೆದಳು. ಅಷ್ಟರಲ್ಲಿ ಆಕೆಯ ಕಣ್ಣು ಗ್ಯಾಸ್ ಸಿಲಿಂಡರಿನ ಪಕ್ಕಕ್ಕೆ ಹೋಗಿತ್ತು. ಅಲ್ಲಿ ಶಾಲಿನಿಯ ಚಪ್ಪಲಿಗಳಿದ್ದವು. ಹೊಸಿಲು ದಾಟಿ ಚಪ್ಪಲಿ ಎಂದೂ ಬಾರದ ಮನೆ ಅದು. ಮಗಳು ಬಂದ ದಿನವೇ, ಬೀದಿಯವರ ಕಣ್ಣಿಗೆ ಬೀಳದಿರಲಿ ಎಂದು ತಾಯಿ ಅವನ್ನು ಅಡುಗೆಮನೆಯೊಳಗೆ ತಂದಿಟ್ಟಿದ್ದಳು. ನೋಡಬಾರದು ಎಂದುಕೊಂಡರೂ ಗಂಗಾಶ್ರೀ ನೋಡುತ್ತಲೇ ಇದ್ದಳು. ಬೇಡ ಬೇಡವೆಂದರೂ ತಲೆಯೊಳಗೆ ವಾಕ್ಯ ಒಂದರ ಹಿಂದೆ ಒಂದು ಬರತೊಡಗಿತು. ಎಷ್ಟೋ ತಿಂಗಳಿಂದ ಕಾದು ಕೂತರೂ ಬಾರದ ಜೀವಂತ ವಾಕ್ಯಗಳು.

ಬಸಕ್ಕ ಆಕೆಯ ಕಣ್ಣು ಹೋದಲ್ಲಿಗೆ ತಾನೂ ನೋಡಿದಳು. ಬಗ್ಗಿ, ಗೋಡೆಗೆ ಒರಗಿಸಿದ್ದ ಮೊರ ತೆಗೆದು ಚಪ್ಪಲಿಗಳ ಮೇಲೆ ಬೋರಲು ಹಾಕಿದಳು.