ಹೊಲಿದ ದೋಣಿ

ಲ್ಯಾಟಿನ್ ಮಹಾಕಾವ್ಯವೊಂದಕ್ಕೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತ ಗಂಗಾವತಿಯ ಮನೆಯಲ್ಲಿ ಹನ್ನೆರಡು ವರ್ಷ ಕಳೆದೆ. ಆ ಕಾವ್ಯದಲ್ಲಿ ಸತ್ತವರನ್ನು ನದಿ ದಾಟಿಸುವ ಅಂಬಿಗನದು ಹೊಲಿದ ದೋಣಿ. ಅದರೊಳಗೆ ನೀರು ಜಿನುಗುತ್ತದೆ. ದೋಣಿಯನ್ನು ಯಾರಾದರೂ ಹೊಲಿಯುತ್ತಾರೆಯೇ? ಕವಿಗೆ ದೋಣಿಯ ಗಂಧಗಾಳಿಯೂ ಗೊತ್ತಿರಲಿಲ್ಲ ಎಂದು ಷರಾ ಬರೆದೆ. ಪುಸ್ತಕ ಅಚ್ಚಾಯಿತು.

ಹೋದ ತಿಂಗಳು ಮೊಮ್ಮಗಳೊಂದಿಗೆ ಸಾಣಾಪುರದ ಕೆರೆಯಲ್ಲಿ ಹರಿಗೋಲು ಹತ್ತಿದೆ. ಬಿದಿರಿನ ಬುಟ್ಟಿಯ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಮೊದಲೆಲ್ಲ ಏನು ಹೊದಿಸುತ್ತಿದ್ದಿರಿ ಎಂದು ಮುದುಕ ಅಂಬಿಗನನ್ನು ಕೇಳಿದೆ.

"ಎಮ್ಮಿ ತೊಗಲ್ರಿ. ನಾಕೈದು ಕೂಡಿಸಿ ಹೊಲೀತಿದ್ವಿ. ಈ ಕಡೆಯವ್ರಾಗಿ ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿರಬೇಕಿತ್ತು. ಸಣ್ಣವನಿದ್ದಾಗ ವಾರವಾರ ಅಪ್ಪನ ಜೊತೆ ಹರಿಗೋಲಿನಲ್ಲೇ ಹೊಳೆ ದಾಟುತ್ತಿದ್ದೆ. ಆ ಹೊಲಿಗೆಯ ಮೇಲೆಯೇ ಕೂತಿರುತ್ತಿದ್ದೆ. ಆಚೆ ದಡ ಮುಟ್ಟುವಷ್ಟರಲ್ಲಿ ಪ್ರತಿ ಸಲವೂ ನನ್ನ ಚಡ್ಡಿ ಒದ್ದೆಯಾಗಿರುತ್ತಿತ್ತು.