ವಲೇರಿಯನ್ ಸರ್ ಕಟ್ಟಿದ ಗಟ್ಟಿ

ವಲೇರಿಯನ್ ಸರ್‌ಗೆ ಬೆತ್ತಲೆ ಅಂಕಿ ಕಂಡರೆ ಆಗುತ್ತಿರಲಿಲ್ಲ. ನಾವು ಬರೆದ ಪ್ರೋಗ್ರಾಮಿನಲ್ಲಿ ಎಲ್ಲಾದರೂ ಒಂದು ಏಳೋ ಹನ್ನೆರಡೋ ಹಾಗೇ ನಿಂತಿದ್ದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ ಮುಖ ಆಚೆ ತಿರುಗಿಸಿ, ಕೊಂಕಣಿಯಲ್ಲಿ ದೇವರನ್ನು ಕರೆದು, "ಓ ಸಾಯ್ಬಾ, ಅದಕ್ಕೊಂದು ಅಂಗಿ ಹಾಕಿ ಮಾರಾಯ್ರೆ" ಎನ್ನುತ್ತಿದ್ದರು. ಅಂಗಿ ಎಂದರೆ ಹೆಸರು. ಏಳು ಎಂದು ಬರೆಯಬಾರದು, 'ವಾರದ ದಿನ' ಎನ್ನಬೇಕು. ಹನ್ನೆರಡಲ್ಲ, 'ವರ್ಷದ ತಿಂಗಳು'. ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಉಸಾಬರಿ ನನಗೆ ಬರುತ್ತಿರಲಿಲ್ಲ, ಏಕೆಂದರೆ ನಮ್ಮ ಕಸುಬಿನಲ್ಲಿ ಇದು ಒಳ್ಳೆಯ ಪದ್ಧತಿಯೇ. ಬದಲಾಗದ ಸಂಗತಿಗಳಿಗೆ ಹೆಸರು ಕೊಟ್ಟು ಒಂದೇ ಕಡೆ ಇಟ್ಟರೆ ಹತ್ತು ಕಡೆ ಹುಡುಕುವ ಕಷ್ಟವಿಲ್ಲ. ಅವಕ್ಕೆ ಸ್ಥಿರಾಂಕ ಎನ್ನುತ್ತಾರೆ. ಆದರೆ ಈ ಮಹಾನುಭಾವರು ಒಂದಕ್ಕೆ 'ಒಂದು' ಎಂದೂ ಸೊನ್ನೆಗೆ 'ಸೊನ್ನೆ' ಎಂದೂ ಹೆಸರಿಟ್ಟರು. ಸೊನ್ನೆ ಯಾವತ್ತಿಗೆ ಬದಲಾಗುತ್ತದೆ ಸರ್ ಎಂದು ಕೇಳಿದ್ದಕ್ಕೆ ವಾರವಿಡೀ ನನ್ನ ಜೊತೆ ಮಾತು ಬಿಟ್ಟರು. ನನಗೇನೂ ನಷ್ಟವಾಗಲಿಲ್ಲ, ಕಿವಿಗೆ ಸ್ವಲ್ಪ ವಿಶ್ರಾಂತಿ ಸಿಕ್ಕಿತು.

ಮಣಿಪಾಲದಲ್ಲಿ ಒಂದು ಬೇಕರಿಯ ಮೇಲಿನ ಮಾಳಿಗೆಯಲ್ಲಿತ್ತು ನಮ್ಮ ಕಂಪೆನಿ. ಬೆರಳೆಣಿಕೆಯ ಜನ. ಸರ್ ಬಹರೈನಿನಲ್ಲಿ ಅರ್ಧ ಆಯುಷ್ಯ ಕಳೆದು ಊರಿಗೆ ಬಂದು ನಮ್ಮ ತಲೆಯ ಮೇಲೆ ಕೂತಿದ್ದರು. ಮನೆ ಬಜಗೋಳಿಯಲ್ಲಿ. ಅಲ್ಲಿಂದ ಕಾರ್ಕಳದ ಮೇಲೆ ಬರುವ ಅವರ ಬಸ್ಸಿಗೇ ನಾನು ಪರ್ಕಳದಲ್ಲಿ ಹತ್ತುತ್ತಿದ್ದೆ, ಅದು ನನ್ನ ಗ್ರಹಚಾರ. ಡ್ರೈವರನ ಹಿಂದಿನ ಕಿಟಕಿಯ ಸೀಟು ಅವರದ್ದು. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ, ಬಸ್ಸು ಖಾಲಿಯಿದ್ದರೂ, ಕೂತವರು ಏಳುವವರೆಗೆ ಪಕ್ಕದಲ್ಲೇ ನಿಂತಿರುತ್ತಿದ್ದರು.

ಇಂಥವರು ತಮ್ಮ ಸ್ಥಿರಾಂಕಗಳನ್ನೆಲ್ಲ ಒಂದು ಲೈಬ್ರರಿಯಾಗಿ ಕಟ್ಟಲು ಹೊರಟರು. ಲೈಬ್ರರಿ ಎಂದರೆ ಪುಸ್ತಕದ್ದಲ್ಲ, ಯಾವ ಪ್ರೋಗ್ರಾಮು ಬೇಕಾದರೂ ಇಳಿಸಿಕೊಂಡು ಬಳಸಬಹುದಾದ ಸಿದ್ಧ ಸಾಮಾನಿನ ಪೊಟ್ಟಣ. ಒಳಗಿನ ಸಾಮಾನಿಗಿಂತ ಪೊಟ್ಟಣ ಕಟ್ಟುವುದಕ್ಕೇ ಹೆಚ್ಚು ದಿನ ಹಿಡಿಯಿತು. ಗಲ್ಫಿನಿಂದ ಬರುವವರು ರಟ್ಟಿನ ಪೆಟ್ಟಿಗೆಗೆ ಟೇಪು ಸುತ್ತಿ, ಮೇಲೆ ಹಗ್ಗ ಬಿಗಿದು, ನಾಲ್ಕೂ ಕಡೆ ದಪ್ಪಕ್ಷರದಲ್ಲಿ ಹೆಸರು ಬರೆಯುತ್ತಾರಲ್ಲ, ಹಾಗೆ ಪ್ರತಿ ಕಡತದ ನೆತ್ತಿಯ ಮೇಲೂ ತಮ್ಮ ಹೆಸರು ಬರೆದರು. ಲಾಂಛನಕ್ಕೆ ಕಾಪುವಿನ ದೀಪಸ್ತಂಭದ ಚಿತ್ರ. ಹೆಸರು 'ಗಟ್ಟಿ'. ಅಲುಗಾಡುವುದಿಲ್ಲ ಎಂಬ ಅರ್ಥದಲ್ಲಿ ಅವರು ಇಟ್ಟದ್ದು. ನಮಗೆ ನೆನಪಾದದ್ದು ಅರಸಿನ ಎಲೆಯಲ್ಲಿ ಬೇಯಿಸುವ ಗಟ್ಟಿ ಎಂಬ ಕಡುಬು. ಒಳಗೆ ಹಲಸಿನ ಹಣ್ಣು ಉಂಟಾ ಸರ್ ಎಂದು ಯಾರೋ ಕೇಳಿದರು. ಮರುದಿನ ಅವರು ಗಂಟುಮುಖದಲ್ಲೇ ಒಂದು ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದರು. ಮನೆಯಾಕೆ ಮಾಡಿಕೊಟ್ಟ ನಿಜವಾದ ಗಟ್ಟಿ. ಅವರ ಎರಡು ಗಟ್ಟಿಗಳಲ್ಲಿ ಯಾವುದು ಮೇಲು ಎಂಬುದರಲ್ಲಿ ಆಫೀಸಿನಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ.

ಗಟ್ಟಿಗೆ ಅವರದ್ದೇ ಒಂದು ಕಾನೂನು. "ಸೇರಿಸಬಹುದು, ತಿದ್ದಬಾರದು. ತಿದ್ದಿದರೆ ಅದು ಸ್ಥಿರ ಹೇಗಾಗುತ್ತದೆ, ಅಲ್ವಾ?" ಹಾಗಾಗಿ ಗಟ್ಟಿಯೊಳಗೆ ಹೋದದ್ದು ತಪ್ಪಾದರೂ ಶಾಶ್ವತ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನರನ್ನು ಬೇಕಾದಷ್ಟು ನೋಡಿದ್ದೇನೆ. ಇವರಾದರೆ ಆ ಮೂರಕ್ಕೆ 'ಮೊಲದ ಕಾಲು' ಎಂದು ಹೆಸರಿಟ್ಟು ಗಟ್ಟಿಗೆ ಸೇರಿಸಿ ಬೀಗ ಹಾಕುವವರು. ಬೆಳಿಗ್ಗೆ ಬಂದ ಕೂಡಲೇ, ಚಾ ಕುಡಿಯುವ ಮೊದಲು, ನಿನ್ನೆ ಯಾವ ಪ್ರೋಗ್ರಾಮಿಗೆ ಗಟ್ಟಿಯನ್ನು ಎಷ್ಟು ಸಲ ಇಳಿಸಿಕೊಂಡಿದ್ದಾರೆ ಎಂದು ಪರದೆಯಲ್ಲಿ ನೋಡಿ ನಮಗೆಲ್ಲ ಕೇಳುವ ಹಾಗೆ ಓದುತ್ತಿದ್ದರು. ಇಳಿಸಿಕೊಳ್ಳುತ್ತಿದ್ದವರು ನಾವೇ, ಅದೂ ಅವರ ಕಾಟಕ್ಕೆ.

ನಮ್ಮ ಹೊಟ್ಟೆ ತುಂಬಿಸುತ್ತಿದ್ದದ್ದು ಒಬ್ಬರೇ ಗಿರಾಕಿ, ಬಸ್ಸುಗಳ ಧಣಿ ಶೆಟ್ಟರು. ಅವರ ಟಿಕೆಟ್ ಮೆಷಿನ್ನುಗಳ ಪ್ರೋಗ್ರಾಮು ನಮ್ಮದು. ನೋಡಿಕೊಳ್ಳುತ್ತಿದ್ದವಳು ರೇಣುಕಾ. ಅವಳ ಅಪ್ಪ ಅಮ್ಮ ಗದಗದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಪರ್ಕಳದಲ್ಲೇ ನಿಂತವರು. ಅಪ್ಪ ಸಾರುವೆಯಿಂದ ಬಿದ್ದ ಮೇಲೆ ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ. ಬಸ್ಸಿನ ಸ್ಟಾಪುಗಳ ಹೆಸರೆಲ್ಲ ಗಟ್ಟಿಯಲ್ಲೇ ಇರಬೇಕು, ಗಟ್ಟಿಯಲ್ಲಿರುವ ಸ್ಟಾಪುಗಳೆಲ್ಲ ಟಿಕೆಟಿಗೆ ಬರಲೇಬೇಕು ಎಂಬುದು ಸರ್ ಅವರ ಅಪ್ಪಣೆ.

ಒಂದು ದಿನ ಶೆಟ್ಟರು ಫೋನು ಮಾಡಿದರು. ಟಿಕೆಟಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಕೌಪ್' ಎಂದು ಬರುತ್ತದೆ, ಅದನ್ನು 'ಕಾಪು' ಮಾಡಿ ಎಂದು. ನ್ಯಾಯವಾದ ಮಾತು. ಇಲ್ಲಿ ಹುಟ್ಟಿ ಬೆಳೆದ ಯಾರೂ ಬಾಯಲ್ಲಿ ಕೌಪ್ ಎಂದವರಲ್ಲ. ಅದು ಯಾವ ಕಾಲದಲ್ಲೋ ಯಾರೋ ಇಂಗ್ಲಿಷಿನಲ್ಲಿ ಬರೆದು ಬಿಟ್ಟುಹೋದ ಕಾಗುಣಿತ, ಈಗ ಬೋರ್ಡುಗಳಲ್ಲೂ ಹೋಗುತ್ತಾ ಬಂದಿದೆ. ಒಂದೆರಡು ಅಕ್ಷರ ತಿದ್ದಿದರೆ ಮುಗಿಯಿತು. ಆದರೆ ತಿದ್ದಬಾರದಲ್ಲ! ಸರ್ ಕೌಪನ್ನು ಹಾಗೇ ಉಳಿಸಿ, ಅದರ ಕೆಳಗೆ ಕಾಪು ಎಂಬ ಹೊಸ ಸ್ಟಾಪನ್ನು ಸೇರಿಸಿದರು.

ಮರುದಿನದಿಂದ ನಮ್ಮ ಜಿಲ್ಲೆಯ ಭೂಗೋಳ ಬದಲಾಯಿತು. ಕಟಪಾಡಿ ದಾಟಿದರೆ ಕೌಪ್, ಕೌಪ್ ದಾಟಿದರೆ ಕಾಪು, ಆಮೇಲೆ ಉಚ್ಚಿಲ. ಪಡುಬಿದ್ರಿಗೆ ಹೋಗುವವರೆಲ್ಲ ಇಲ್ಲದ ಒಂದು ಸ್ಟಾಪಿನ ದುಡ್ಡನ್ನೂ ಕೊಡಬೇಕಾಯಿತು. ಮೀನಿನ ಬುಟ್ಟಿಯ ಹೆಂಗಸೊಬ್ಬಳು, ಕೌಪಿನಿಂದ ಕಾಪುವಿಗೆ ಹೋಗಲು ನಡುವೆ ಸಮುದ್ರ ಉಂಟಾ ಎಂದು ಕಂಡಕ್ಟರನ ಕೊರಳಪಟ್ಟಿ ಹಿಡಿದಳಂತೆ. ಶೆಟ್ಟರು ಎರಡು ದಿನದ ಗಡುವು ಕೊಟ್ಟರು. ಸರಿ ಮಾಡದಿದ್ದರೆ ಮೆಷಿನ್ನುಗಳು ವಾಪಸು.

ನಮ್ಮ ಕಂಪೆನಿಯ ಯಜಮಾನರು ಎಲ್ಲರನ್ನೂ ಕರೆದು ಕೂರಿಸಿದರು. ಗಟ್ಟಿಯನ್ನು ಹೊರಗಿನ ಕಂಪೆನಿಗಳಿಗೆ ಮಾರಬೇಕೆಂದು ಅವರಿಗೆ ಆಸೆ, ಹಾಗಾಗಿ ಅದರ ಹೆಸರು ಕೆಡುವ ಮಾತು ಅವರ ಕಿವಿಗೆ ಇಳಿಯಲಿಲ್ಲ. ಸರ್ ಕನ್ನಡಕ ಹಣೆಗೇರಿಸಿ, "ಗಟ್ಟಿಯಲ್ಲಿ ತಪ್ಪಿಲ್ಲ. ಓದಿಕೊಳ್ಳುವ ಪ್ರೋಗ್ರಾಮಿಗೆ ಬುದ್ಧಿ ಬೇಕು" ಎಂದರು. ಅಪ್ಪಣೆ ಅವರದ್ದೇ, ತಪ್ಪು ಮಾತ್ರ ಪ್ರೋಗ್ರಾಮಿನದ್ದು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ನೆಲ ತಾವೇ ಹಾಕಿಸಿ, ಕುಣಿಯುವವಳ ಕಾಲು ಡೊಂಕು ಎಂದರು.

ರೇಣುಕಾ ಎದ್ದು ನಿಂತು ಹೇಳಿದಳು: "ಒಂದ ಊರಿಗೆ ಎರಡ ಹೆಸರ ಕೊಟ್ಟವ್ರು ನೀವ್ರಿ ಸರ್. ಬೈಸಿಕೊಳ್ಳೂದು ಮಾತ್ರ ನಾನ್ಯಾಕ್ರಿ?"

ಯಜಮಾನರು ತೀರ್ಪು ಕೊಟ್ಟರು: ರೇಣುಕಾ ಗಟ್ಟಿಯನ್ನು ಮುಟ್ಟದೆ ಎರಡು ದಿನದಲ್ಲಿ ಸರಿಮಾಡಬೇಕು. ಆಗದಿದ್ದರೆ, ಅಥವಾ ವಲೇರಿಯನ್ ಸರ್ ಅವರ ಒಪ್ಪಿಗೆಯಿಲ್ಲದೆ ಗಟ್ಟಿಯನ್ನು ಬಿಟ್ಟದ್ದು ಗೊತ್ತಾದರೆ, ಬರುವ ತಿಂಗಳಿಂದ ಬರುವುದು ಬೇಡ.

ಅವಳೂ ನಾನೂ ಬೇಕರಿಯಲ್ಲಿ ಕೂತು ಎರಡೆರಡು ಚಾ ಕುಡಿದು, ಆಗುವುದಾಗಲಿ ಎಂದು ಟಿಕೆಟ್ ಪ್ರೋಗ್ರಾಮಿನಿಂದ ಗಟ್ಟಿಯನ್ನೇ ಕಿತ್ತುಹಾಕಿದೆವು. ಸ್ಟಾಪುಗಳ ಹೆಸರನ್ನೂ ದರಗಳನ್ನೂ ಪ್ರೋಗ್ರಾಮಿನೊಳಗೇ ಬರೆದೆವು, ಬೆತ್ತಲೆಯಾಗಿ, ಮೈಮೇಲೆ ಒಂದು ನೂಲಿಲ್ಲದೆ. ಕೌಪ್ ಮಾಯವಾಯಿತು. ಶೆಟ್ಟರು ಖುಷಿಯಾದರು. ಯಜಮಾನರಿಗೆ ಪ್ರೋಗ್ರಾಮು ಓದಲು ಬರುವುದಿಲ್ಲ. ಸರ್ ಗಟ್ಟಿ ಬಿಟ್ಟು ಬೇರೇನನ್ನೂ ಓದುವುದಿಲ್ಲ. ನಾಳೆ ಸಿಕ್ಕಿಬೀಳುತ್ತೇವೆ ಎಂದು ರೇಣುಕಾ ಸುಮಾರು ದಿನ ಊಟದ ಡಬ್ಬಿ ಬಿಚ್ಚದೆ ವಾಪಸು ಒಯ್ದಳು. ಯಾರೂ ಕೇಳಲಿಲ್ಲ.

ಉಳಿದ ಪ್ರೋಗ್ರಾಮುಗಳಿಂದಲೂ ಒಂದೊಂದಾಗಿ ಗಟ್ಟಿಯನ್ನು ತೆಗೆದೆವು. ಸರ್ ಮಾತ್ರ ದಿನವೂ ಬಂದು, ಯಾರೂ ತೆರೆಯದ ಆ ಪೊಟ್ಟಣಕ್ಕೆ ಹೊಸ ಹೊಸ ಸ್ಥಿರಾಂಕ ಸೇರಿಸುತ್ತಲೇ ಇದ್ದರು. ಬೆಳಗಿನ ಲೆಕ್ಕ ಓದುವುದನ್ನು ಮಾತ್ರ ನಿಲ್ಲಿಸಿದ್ದರು. ಅಂತೂ ಗರ್ವ ಸ್ವಲ್ಪ ಇಳಿಯಿತು ಎಂದುಕೊಂಡೆವು. ಇದು ಗಟ್ಟಿಯಲ್ಲಿ ಉಂಟಲ್ಲ ಎಂದು ಅವರು ಕೇಳುವುದು, ಉಂಟು ಸರ್ ಎಂದು ನಾವು ತಲೆಯಾಡಿಸಿ ಬೆನ್ನ ಹಿಂದೆ ನಗುವುದು. ಗಟ್ಟಿಯನ್ನು ಯಾರೂ ಕೊಳ್ಳಲಿಲ್ಲ. ಯಜಮಾನರು ಮರುವರ್ಷ ಅವರಿಗೊಂದು ಶಾಲು ಹೊದೆಸಿ ಕಳಿಸಿಕೊಟ್ಟರು.

ಕೊನೆಯ ಸಲ ಅವರು ನನಗೆ ಸಿಕ್ಕಿದ್ದು ಉಡುಪಿಯಿಂದ ಪಡುಬಿದ್ರಿಗೆ ಹೋಗುವ ಬಸ್ಸಿನಲ್ಲಿ. ಡ್ರೈವರನ ಹಿಂದಿನ ಸೀಟು, ಬೇರೆಲ್ಲಿ? ಸೊರಗಿಹೋಗಿದ್ದರು, ಅಂಗಿ ಎರಡು ಸೈಜು ದೊಡ್ಡದಾಗಿ ಕಾಣುತ್ತಿತ್ತು. ಮಗಳ ಮನೆಗೆ ಹೊರಟದ್ದಂತೆ. ಪಕ್ಕದಲ್ಲಿ ಕೂತೆ. ಕಂಡಕ್ಟರ್ ಬಂದಾಗ "ಒಂದು ಕೌಪ್" ಎಂದರು. ಅವನು ಪಿಳಿಪಿಳಿ ನೋಡಿದ. ಕಾಪು ಎಂದು ನಾನೇ ಹೇಳಿ ಟಿಕೆಟ್ ಕೊಡಿಸಿದೆ.

ರೇಣುಕಾ ಹೇಗಿದ್ದಾಳೆ ಎಂದು ಕೇಳಿದರು. ಈಗ ನಮ್ಮ ಮೇಲೆ ಅವಳೇ ಸರ್ ಎಂದೆ. ತಲೆಯಾಡಿಸಿದರು. ಕಟಪಾಡಿ ದಾಟಿದ ಮೇಲೆ ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದರು:

"ಗಟ್ಟಿಯನ್ನು ಬಿಟ್ಟದ್ದು ನನಗೆ ಅವತ್ತೇ ಗೊತ್ತಿತ್ತು ಮಾರಾಯ್ತಿ. ಬೆಳಿಗ್ಗೆ ಪರದೆಯಲ್ಲಿ ಟಿಕೆಟ್ ಪ್ರೋಗ್ರಾಮಿನ ಲೆಕ್ಕ ನೋಡಿದೆ. ಸೊನ್ನೆ. ಸೊನ್ನೆ ಎಂದರೆ ಎಂತ ಎಂದು ನನಗೆ ಗೊತ್ತಿಲ್ವಾ? ಅದಕ್ಕೆ ಹೆಸರಿಟ್ಟವನೇ ನಾನು."

ಮತ್ತೆ ಯಜಮಾನರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದರೆ ಆ ಹುಡುಗಿಯ ಕೆಲಸ ಹೋಗ್ತಿತ್ತು ಅಲ್ವಾ" ಎಂದರು. ಆಮೇಲೆ ಕನ್ನಡಕವನ್ನು ಹಣೆಗೇರಿಸಿ, "ಆದರೆ ಗಟ್ಟಿಯಲ್ಲಿ ತಪ್ಪಿರಲಿಲ್ಲ" ಎಂದರು.

ಇಂಥ ಮನುಷ್ಯನನ್ನು ಏನು ಮಾಡುವುದು ಹೇಳಿ. ಬೈಯೋಣವೆಂದರೆ ಮನಸ್ಸು ಬರುವುದಿಲ್ಲ. ಹೊಗಳಲು ಅವರು ಬಿಡುವವರಲ್ಲ.

ಬಸ್ಸು ನಿಂತಿತು. ಕಾಪು, ಕಾಪು ಎಂದು ಕಂಡಕ್ಟರ್ ಕೂಗಿದ. ಸರ್ ಕದಲಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೇರ ಮುಂದಕ್ಕೆ ನೋಡುತ್ತಾ ಕೂತೇ ಇದ್ದರು. ಕಂಡಕ್ಟರ್ ಮತ್ತೊಮ್ಮೆ ಕೂಗಿ, ಸೀಟಿಯನ್ನು ಬಾಯಿಗಿಟ್ಟ.

"ಸರ್, ಕೌಪ್ ಬಂತು" ಎಂದೆ.

"ಹಾಂ" ಎಂದು ಎದ್ದು ಇಳಿದರು.