ಎರಡನೆಯ ಬಾಗಿಲ ಕಾವಲು

ಅವರು ಆ ಮಾತನ್ನು ನಿಜವಾಗಿ ಆಡಿದರೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ಕಾಂದಿವಲಿ ಸ್ಟೇಷನ್ನಿನಲ್ಲಿ ಲೋಕಲ್ ರೈಲಿಗೆ ಕಾಯುತ್ತ, "ಲ್ಯಾಬಿನ ಬಾಯಾರ ಪಾಸ್‌ವರ್ಡ್ ಯಾರಿಗೆ ಗೊತ್ತಿಲ್ರೀ? ಮಗಳ ಹೆಸರದು" ಎಂದು ನಕ್ಕಂತೆ ನೆನಪು. ಆದರೆ ಅದನ್ನು ಕ್ಯಾಂಟೀನಿನಲ್ಲಿ ಬೇರೆ ಯಾರೋ ಆಡಿದ್ದು, ಆಮೇಲೆ ನಾನೇ ಇವರ ಬಾಯಲ್ಲಿಟ್ಟು ನೆನಪಿಸಿಕೊಂಡೆನೇನೋ ಎಂಬ ಅನುಮಾನವೂ ಇದೆ.

ಇವರೆಂದರೆ ನಮ್ಮ ಔಷಧ ಕಾರ್ಖಾನೆಯ ಗೋಡೌನ್ ಕ್ಲಾರ್ಕು. ಧಾರವಾಡದ ಕಡೆಯವರು, ನನಗಿಂತ ಬಹಳ ಹಿರಿಯರು. ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಈ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಸೇರಿದ್ದೆ. ಸಂಜೆ ಇಬ್ಬರೂ ಒಂದೇ ಲೋಕಲ್ ಹಿಡಿಯುತ್ತಿದ್ದೆವು. "ಮೈಸೂರ ಮಂದಿ ಮಾತು ಸಕ್ರಿ, ಮನಸಿನ್ಯಾಗ ಬರೇ ಸಂಶಯ" ಎಂದು ರೇಗಿಸುತ್ತಿದ್ದರು. ಸುಳ್ಳಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಕಾರ್ಖಾನೆಗೆ ಹೊಸ ಡೇಟಾಬೇಸ್ ಬಂದಿತ್ತು. ಅದನ್ನು ಕೂರಿಸಿದ ಕಂಪನಿಯ ಎಂಜಿನಿಯರ್ ಮುಖ್ಯ ಕೆಲಸಗಳನ್ನೆಲ್ಲ ಡೇಟಾಬೇಸಿನೊಳಗೇ ಪುಟ್ಟ ಪ್ರೋಗ್ರಾಮುಗಳಾಗಿ ಬರೆದಿಟ್ಟಿದ್ದ. ಸ್ಟೋರ್ಡ್ ಪ್ರೊಸೀಜರ್ ಎಂದರೆ ಇವೇ. ಯಾವುದನ್ನು ಯಾರು ಓಡಿಸಬಹುದು ಎಂದು ಒಬ್ಬೊಬ್ಬರಿಗೂ ಬೇರೆ ಬೇರೆ ಅನುಮತಿ. ಪರೀಕ್ಷೆ ಮುಗಿದ ಬ್ಯಾಚನ್ನು ಬಿಡುಗಡೆ ಮಾಡುವ ಪ್ರೊಸೀಜರ್ ಎಲ್ಲರೂ ‘ಬಾಯಿ’ ಎಂದು ಕರೆಯುತ್ತಿದ್ದ ಲ್ಯಾಬಿನ ಮುಖ್ಯಸ್ಥೆಗೆ ಮಾತ್ರ; ಮಾಲು ಹೊರಬಿಡುವ ಗೇಟ್‌ಪಾಸ್ ಪ್ರಿಂಟ್ ಮಾಡುವುದು ಗೋಡೌನಿಗೂ ಆಕೆಗೂ.

ಗೋಡೌನಿನವರದು ಒಂದು ರೂಢಿ. ಬ್ಯಾಚ್ ಬಿಡುಗಡೆ ಆಯಿತೇ ಎಂದು ಲ್ಯಾಬಿಗೆ ಫೋನ್ ಮಾಡಿ ಬೈಸಿಕೊಳ್ಳುವ ಬದಲು, ಸುಮ್ಮನೆ ಗೇಟ್‌ಪಾಸ್ ಹೊಡೆದು ನೋಡುತ್ತಿದ್ದರು. ಆಗಿಲ್ಲದಿದ್ದರೆ ಮಷೀನೇ ಇಲ್ಲವೆನ್ನುತ್ತದಲ್ಲ! ಒಂದು ಬೆಳಿಗ್ಗೆ ಮಷೀನು ಇಲ್ಲವೆನ್ನಲಿಲ್ಲ. ಗೇಟ್‌ಪಾಸ್ ಬಂತು, ಲಾರಿ ಹೊರಟಿತು. ಆ ಬ್ಯಾಚಿನ ಪರೀಕ್ಷೆ ಲ್ಯಾಬಿನಲ್ಲಿ ಇನ್ನೂ ನಡೆಯುತ್ತಿತ್ತು. ಪುಣ್ಯಕ್ಕೆ ಮಾಲನ್ನು ಭಾಂಡುಪ್‌ನ ಡೀಲರನ ಗೋಡೌನಿನಲ್ಲೇ ತಡೆದು ವಾಪಸ್ ತಂದರು.

ಮ್ಯಾನೇಜರ್ ತಮ್ಮ ಕ್ಯಾಬಿನ್ನಿಗೆ ಎಲ್ಲರನ್ನೂ ಕರೆದರು. ಬ್ಯಾಚ್ ಬಿಡುಗಡೆಯಾದದ್ದು ಗೋಡೌನಿನ ಟರ್ಮಿನಲ್‌ನಿಂದ ಎಂದಷ್ಟೇ ದಾಖಲಾಗಿತ್ತು. ಯಾವ ಯೂಸರ್ ಎಂದು ಬರೆದಿಡುವ ಏರ್ಪಾಡು ಇರಲಿಲ್ಲ. ಅಂದಮೇಲೆ ಕ್ಲಾರ್ಕು ಬಾಯಿಯವರ ಪಾಸ್‌ವರ್ಡ್ ಕದ್ದಿರಬೇಕು ಎಂಬುದು ಮ್ಯಾನೇಜರರ ತೀರ್ಮಾನ.

"ನಾ ಬರೇ ಗೇಟ್‌ಪಾಸ್ ಹೊಡದೀನ್ರಿ ಸಾಹೇಬ್ರ," ಎಂದು ಕನ್ನಡದಲ್ಲೇ ಶುರುಮಾಡಿದವರು ತಡಬಡಿಸಿ ಹಿಂದಿಗೆ ಹೊರಳಿ ಬೇರೇನೂ ಮಾಡಿಲ್ಲವೆಂದರು. "ಔರ್ ಕುಛ್ ನಹೀ ಕಿಯಾ."

"ಮಷೀನ್ ಝೂಠ್ ಬೋಲ್ತಾ ಹೈ ಕ್ಯಾ?" ಎಂದರು ಮ್ಯಾನೇಜರ್, ಹಾಗಾದರೆ ಸುಳ್ಳು ಮಷೀನಿನದೋ ಎನ್ನುವಂತೆ.

ನನಗೊಂದು ವಿಷಯ ಚುಚ್ಚುತ್ತಿತ್ತು. ಹಿಂದಿನ ವಾರ ಎಂಜಿನಿಯರ್ ಗೇಟ್‌ಪಾಸ್ ಪ್ರೊಸೀಜರಿಗೆ ಒಂದು ಸಾಲು ಸೇರಿಸಿದ್ದ: ಬ್ಯಾಚ್ ಬಿಡುಗಡೆ ಆಗಿರದಿದ್ದರೆ ಬಿಡುಗಡೆಯ ಪ್ರೊಸೀಜರನ್ನು ಅಲ್ಲಿಂದಲೇ ಕರೆದು ಓಡಿಸು. ಲ್ಯಾಬಿನ ಬಾಯಿ ತಾವೇ ಗೇಟ್‌ಪಾಸ್ ಹೊಡೆಯುವಾಗ ಎರಡು ಕೆಲಸ ಒಂದೇ ಸಲಕ್ಕೆ ಆಗಲಿ ಎಂದು. ಅದನ್ನು ನೆನಪಿಸಿದೆ.

ಎಂಜಿನಿಯರ್ ನಕ್ಕ. "ಅರೇ ಯಾರ್, ಅಂದರ್ ಭೀ ಪರ್ಮಿಷನ್ ಚೆಕ್ ಹೋತಾ ಹೈ. ಹೋ ಹೀ ನಹೀ ಸಕ್ತಾ." ಹೊರಗಿನ ಬಾಗಿಲು ದಾಟಿದರೂ ಒಳಗಿನ ಬಾಗಿಲಲ್ಲಿ ಮತ್ತೆ ತಡೆಯುತ್ತದೆ, ಕ್ಲಾರ್ಕಿಗೆ ಅಲ್ಲಿ ಅನುಮತಿ ಇಲ್ಲ ಎಂಬುದು ಅವನ ವಾದ. ಎಲ್ಲರೂ ತಲೆಯಾಡಿಸಿದರು. ಮರುದಿನ ನಾನು ಹೋಗಿ ನೋಡುವಷ್ಟರಲ್ಲಿ ಆ ಸಾಲೇ ಇರಲಿಲ್ಲ. ಅವನೇ ತೆಗೆದಿದ್ದ. ಏಕೆಂದು ಕೇಳಿದರೆ, "ಐಸೇ ಹೀ," ಸುಮ್ಮನೆ ಎಂದ. ಹಾಗೊಂದು ಪ್ರೊಸೀಜರ್ ಬರೆದು ಪರೀಕ್ಷಿಸೋಣವೆಂದರೆ, ಬರೆಯುವ ಅನುಮತಿ ಅವನೊಬ್ಬನಿಗೇ ಇತ್ತು.

ಆಗಿನಿಂದ ನಾನು ಅವನನ್ನು ಸಂಶಯಿಸತೊಡಗಿದೆ. ಹಾಗೆಂದು ಕ್ಲಾರ್ಕರನ್ನು ನಂಬಿದೆನೆಂದೂ ಅಲ್ಲ. ಲೋಕಲ್‌ನಲ್ಲಿ ಎದುರು ಕೂತು ಅವರ ಮುಖವನ್ನೇ ನೋಡುತ್ತಿದ್ದೆ. ಪಾಸ್‌ವರ್ಡಿನ ಆ ಮಾತು ಕಿವಿಯಲ್ಲಿರುತ್ತಿತ್ತು.

"ಏನ್ ನೋಡ್ತೀರಿ ಸ್ವಾಮ್ಯಾರ? ನನ್ನ ಹಣಿ ಮ್ಯಾಲೆ ಬರದದೇನು?" ಎಂದರು ಒಂದು ಸಂಜೆ.

"ನಿಜ ಹೇಳಿ, ಪಾಸ್‌ವರ್ಡ್ ಹಾಕಿದ್ರಾ?"

"ಹಾಕಿಲ್ಲಂದ್ರ ನಂಬತೀರೇನು?"

ನಾನು ಕಿಟಕಿಯಾಚೆ ನೋಡಿದೆ.

ವಿಚಾರಣೆ ಬೇಕೋ, ರಾಜೀನಾಮೆಯೋ ಎಂದು ಕಂಪನಿ ಅವರನ್ನೇ ಕೇಳಿತು. "ವಿಚಾರಣೆ ಮಾಡವ್ರೂ ಅವ್ರ, ಮಷೀನೂ ಅವರ್ದ. ಅದರಾಗ ನಾ ಏನ್ ಗೆಲ್ಲಾಂವ?" ಎಂದು ಕಾಗದ ಕೊಟ್ಟು ಹೊರಟುಹೋದರು. ತಪ್ಪು ಮಾಡಿದವನೂ ಹಾಗೆಯೇ ಹೋಗುತ್ತಾನೆ, ಮಾಡದವನೂ ಹಾಗೆಯೇ ಹೋಗುತ್ತಾನೆ. ಹೋದದ್ದರಿಂದ ನನಗೇನೂ ತಿಳಿಯಲಿಲ್ಲ.

ಕೆಲವು ವರ್ಷಗಳ ಮೇಲೆ ಪವಾಯಿಯಲ್ಲಿ ಬೇರೆ ಕೆಲಸ ಹಿಡಿದೆ. ಅಲ್ಲಿಯೂ ಅದೇ ಡೇಟಾಬೇಸ್, ಅಂಥವೇ ಪ್ರೊಸೀಜರುಗಳು. ಆದರೆ ಬರೆಯುವ ಅನುಮತಿ ಈ ಸಲ ನನಗಿತ್ತು. ಕಾರ್ಖಾನೆಯಲ್ಲಿ ಎಲ್ಲವೂ ಎಂಜಿನಿಯರನ ಹೆಸರಿನಲ್ಲಿದ್ದಂತೆ, ಒಬ್ಬನೇ ಮಾಲೀಕನ ಹೆಸರಿನಲ್ಲಿ ಎರಡು ಪ್ರೊಸೀಜರ್ ಬರೆದೆ, ಒಂದು ಇನ್ನೊಂದನ್ನು ಕರೆಯುವಂತೆ. ಹೊಸ ಯೂಸರ್ ಒಬ್ಬನನ್ನು ಮಾಡಿ ಹೊರಗಿನದಕ್ಕೆ ಮಾತ್ರ ಅನುಮತಿ ಕೊಟ್ಟೆ. ಅವನ ಹೆಸರಿನಲ್ಲಿ ಒಳಗಿನದನ್ನು ನೇರವಾಗಿ ಓಡಿಸಿದಾಗ ಮಷೀನು ತಡೆಯಿತು. ಹೊರಗಿನದರ ಮೂಲಕ ಹೋದಾಗ ತಡೆಯಲಿಲ್ಲ. ಮಾಲೀಕ ಒಬ್ಬನೇ ಆಗಿದ್ದರೆ, ಅನುಮತಿ ಇದೆಯೇ ಎಂದು ಅಲ್ಲಿ ಎರಡನೆಯ ಸಲ ನೋಡುವುದೇ ಇಲ್ಲ. ಕ್ಲಾರ್ಕರು ಬರೇ ಗೇಟ್‌ಪಾಸ್ ಹೊಡೆದಿದ್ದರೂ ಬ್ಯಾಚು ಬಿಡುಗಡೆಯಾಗಿಬಿಡುತ್ತಿತ್ತು.